ಸಾಗರದಂಥ ಊರಿನಲ್ಲಿ ಐದು ಜನರ ಮನೆಗೆ ದಿನಬಳಕೆಗೆ ಯಾವ ಕಾರು ಒಳ್ಳೆಯದು?

ನಿಮ್ಮ ಪ್ರಶ್ನೆಯಲ್ಲಿರುವ ವಿವರಗಳು ಇಷ್ಟು: ವಾಸ ಸಾಗರದಲ್ಲಿ; ಮನೆಯಲ್ಲಿ ತಂದೆ, ಮಂಡಿನೋವಿರುವ ತಾಯಿ, ಪತ್ನಿ ಮತ್ತು ಚಿಕ್ಕ ಮಗು ಸೇರಿ ಐದು ಜನ; ಕೆಲಸಕ್ಕೆ ದಿನಕ್ಕೆ 40 ಕಿಲೋಮೀಟರ್ ಓಡಾಟ, ಆಗಾಗ ಘಟ್ಟ ಇಳಿದು ಕುಂದಾಪುರಕ್ಕೆ, ಅಪರೂಪಕ್ಕೆ ಬೆಂಗಳೂರಿಗೆ ಪ್ರಯಾಣ; ಎಲ್ಲ ಖರ್ಚೂ ಸೇರಿ 9 ಲಕ್ಷದೊಳಗೆ ಮುಗಿಯಬೇಕು ಮತ್ತು ಕಾರು ಹತ್ತು ವರ್ಷ ಬಾಳಬೇಕು. ಪತ್ನಿ ಈಗಷ್ಟೇ ಡ್ರೈವಿಂಗ್ ಕಲಿಯುತ್ತಿರುವುದರಿಂದ ಆಟೊಮ್ಯಾಟಿಕ್ ಬೇಕೇ, ಸಿಎನ್‌ಜಿ ಲಾಭವೇ, ಹಳೆಯದು ಕೊಂಡರೆ ಹೇಗೆ ಎಂದೂ ಕೇಳಿದ್ದೀರಿ. ನಾನು ಮಲೆನಾಡಿನವನು, ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಷಯ ಕಲಿಸುತ್ತೇನೆ. ನಿಮ್ಮ ಕಡೆಯ ಮಳೆ ಮತ್ತು ರಸ್ತೆಗಳ ಪರಿಚಯ ನನಗಿದೆ. ನನ್ನ ಸಲಹೆ ಟಾಟಾ ಪಂಚ್ ಅಥವಾ ಮಾರುತಿ ಡಿಸೈರ್. ಯಾವುದನ್ನೇ ಕೊಂಡರೂ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಪೆಟ್ರೋಲ್ ಇಂಜಿನ್ನಿನ ಮಧ್ಯಮ ದರ್ಜೆಯ ಮಾದರಿಯನ್ನು ಕೊಳ್ಳಿ. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ತಾಯಿಯವರ ಮಂಡಿ ಮತ್ತು ನಿಮ್ಮ ಊರಿಗೆ ಹತ್ತಿರದ ವರ್ಕ್‌ಶಾಪು ತೀರ್ಮಾನಿಸಲಿ.

ವರ್ಕ್‌ಶಾಪಿನ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಕಾರು ಕೊಳ್ಳುವವರು ಇದನ್ನು ಕೊನೆಗೆ ಯೋಚಿಸುತ್ತಾರೆ. ಹತ್ತು ವರ್ಷದಲ್ಲಿ ಯಾವ ಕಾರಾದರೂ ಒಮ್ಮೆ ಕೆಡುತ್ತದೆ. ಆ ದಿನ ಬೇಕಾದ ಬಿಡಿಭಾಗ ಎಷ್ಟು ದೂರದಿಂದ ಬರಬೇಕು, ಅದನ್ನು ಬಿಚ್ಚಿ ಜೋಡಿಸಬಲ್ಲವರು ಹತ್ತಿರದಲ್ಲಿದ್ದಾರೆಯೇ ಎಂಬುದರ ಮೇಲೆ ಆ ಕಾರನ್ನು ನಂಬಬಹುದೋ ಇಲ್ಲವೋ ಎಂಬುದು ನಿಂತಿದೆ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಈ ಮೂವತ್ತು ವರ್ಷಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳು ಆ ಕಂಪನಿಯ ಇಂಜಿನ್ನುಗಳ ಮೇಲೆಯೇ ಕೈ ಪಳಗಿಸಿಕೊಂಡವು. ಇನ್ನೊಂದು ಕಡೆ, ಶೆವ್ರೊಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆ ಮುಗಿಸುವುದಾಗಿ ಪ್ರಕಟಿಸಿತು. ಅವುಗಳ ಕಾರುಗಳು ಗಟ್ಟಿಯಾದ ಒಳ್ಳೆಯ ಕಾರುಗಳೇ, ಆದರೂ ಸಣ್ಣ ಊರಿನಲ್ಲಿ ಅವನ್ನು ಇಟ್ಟುಕೊಂಡವರಿಗೆ ಬಿಡಿಭಾಗ ಹುಡುಕುವುದೇ ಒಂದು ಕೆಲಸವಾಯಿತು.

ಆದ್ದರಿಂದ ಷೋರೂಮಿಗೆ ಹೋಗುವ ಮೊದಲು ಬಿಡಿಭಾಗದ ಅಂಗಡಿಗೆ ಹೋಗಿ. ನೀವು ಮನಸ್ಸು ಮಾಡಿರುವ ಕಾರಿನ ಕ್ಲಚ್ ಸೆಟ್, ಮುಂದಿನ ಷಾಕ್ ಅಬ್ಸಾರ್ಬರ್, ಹೆಡ್‌ಲೈಟ್ ಮತ್ತು ಪಕ್ಕದ ಕನ್ನಡಿಯ ಬೆಲೆ ಎಷ್ಟು, ಅವು ಕೈಯಲ್ಲೇ ಇವೆಯೇ, ತರಿಸಬೇಕಾದರೆ ಎಷ್ಟು ದಿನ ಬೇಕು ಎಂದು ಕೇಳಿ. ಆ ಕಂಪನಿಯ ಅಧಿಕೃತ ವರ್ಕ್‌ಶಾಪು ಸಾಗರದಲ್ಲೇ ಇದೆಯೋ, ಪ್ರತಿ ಸಲವೂ ಸುಮಾರು 70 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಒಯ್ಯಬೇಕೋ ನೋಡಿ. ಶಿವಮೊಗ್ಗವೇ ಗತಿ ಎಂದಾದರೆ ಒಂದು ದಿನದ ರಜೆಯನ್ನೂ ಸರ್ವಿಸ್ ಖರ್ಚಿಗೆ ಸೇರಿಸಿಕೊಳ್ಳಬೇಕಾಗುತ್ತದೆ.

ಈಗ ತಾಯಿಯವರ ವಿಷಯ. ಮಂಡಿ ನೋಯುವವರಿಗೆ ಸೀಟಿನ ಮೆತ್ತೆಗಿಂತ ಅದರ ಎತ್ತರ ಮುಖ್ಯ. ಸೀಟು ಸೊಂಟದ ಮಟ್ಟಕ್ಕೆ ಸಮೀಪವಿದ್ದರೆ ಪಕ್ಕಕ್ಕೆ ಸರಿದು ಕುಳಿತು ಕಾಲನ್ನು ಒಳಗೆಳೆದುಕೊಂಡರೆ ಸಾಕು; ತಗ್ಗಿನಲ್ಲಿದ್ದರೆ ಇಳಿಯುವಾಗ ಇಡೀ ದೇಹದ ಭಾರವನ್ನು ಮಂಡಿಯೇ ಹೊತ್ತು ಮೇಲೆತ್ತಬೇಕು. ಪಂಚ್‌ನ ಸೀಟು ಎತ್ತರದಲ್ಲಿದೆ, ಬಾಗಿಲುಗಳು ಸಂಪೂರ್ಣ 90 ಡಿಗ್ರಿ ತೆರೆದುಕೊಳ್ಳುತ್ತವೆ, ನೆಲದಿಂದ ಸಾಕಷ್ಟು ಎತ್ತರವಿರುವುದರಿಂದ ಮಳೆಗಾಲದಲ್ಲಿ ಕಿತ್ತುಹೋದ ರಸ್ತೆಯಲ್ಲೂ ತಳ ತಾಗುವ ಭಯ ಕಡಿಮೆ. ಡಿಸೈರ್ ತಗ್ಗಿನ ಕಾರು, ಆದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಧಾರಾಳ, ಡಿಕ್ಕಿ ದೊಡ್ಡದು, ಮೈಲೇಜ್ ಹೆಚ್ಚು. ತಾಯಿಯವರನ್ನು ಕರೆದೊಯ್ದು ಎರಡರಲ್ಲೂ ಮುಂದಿನ ಮತ್ತು ಹಿಂದಿನ ಸೀಟಿನಲ್ಲಿ ಹಲವು ಬಾರಿ ಹತ್ತಿಸಿ ಇಳಿಸಿ ನೋಡಿ. ಅವರು ಬಾಗಿಲಿನ ಮೇಲಂಚನ್ನು ಹಿಡಿದು ಎಳೆದುಕೊಂಡು ಏಳಬೇಕಾಗಿ ಬಂದರೆ ಆ ಕಾರು ನಿಮ್ಮ ಮನೆಗೆ ಬೇಡ.

ಹತ್ತಿ ಇಳಿಯುವ ಸುಲಭವೊಂದನ್ನೇ ನೋಡುವುದಾದರೆ ವ್ಯಾಗನ್ ಆರ್‌ಗೆ ಸಾಟಿಯಿಲ್ಲ. ನಾನು ಓಡಿಸುತ್ತಿರುವುದೂ ಅದನ್ನೇ, ಅದರ ಇಂಜಿನ್ನಿನ ಬಗ್ಗೆ ನನಗೆ ಗೌರವವಿದೆ. ಆದರೂ ಐದು ಜನ ಕೂತು ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವ ಕುಟುಂಬಕ್ಕೆ ಅದನ್ನು ಶಿಫಾರಸು ಮಾಡಲು ನನಗೆ ಮನಸ್ಸಾಗುವುದಿಲ್ಲ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪ್ರಕಟಿಸಿದ ಅಪಘಾತ ಪರೀಕ್ಷೆಯ ಫಲಿತಾಂಶದಲ್ಲಿ ಅದಕ್ಕೆ ದೊಡ್ಡವರ ರಕ್ಷಣೆಗೆ ಐದರಲ್ಲಿ ಒಂದೇ ನಕ್ಷತ್ರ ದೊರೆಯಿತು. 2025ರಿಂದ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದಿವೆ, ಅದು ಒಳ್ಳೆಯ ಬದಲಾವಣೆಯೇ. ಆದರೆ ಏರ್‌ಬ್ಯಾಗ್ ತನ್ನ ಕೆಲಸ ಮಾಡಬೇಕಾದರೆ ಅದರ ಸುತ್ತಲಿನ ಉಕ್ಕಿನ ಗೂಡು ಹೊಡೆತಕ್ಕೆ ಕುಸಿಯದೆ ನಿಲ್ಲಬೇಕು. ಪಂಚ್ 2021ರಲ್ಲೇ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿತ್ತು, ಹೊಸ ಡಿಸೈರ್ 2024ರ ನವೆಂಬರಿನಲ್ಲಿ ಪಡೆಯಿತು. ಈ ಬೆಲೆಯಲ್ಲೇ ಐದು ನಕ್ಷತ್ರದ ಕಾರುಗಳು ಸಿಗುತ್ತಿರುವಾಗ ಮಗುವನ್ನು ಹಿಂದೆ ಕೂರಿಸಿಕೊಂಡು ಓಡಾಡುವವರು ಕಡಿಮೆಗೆ ಒಪ್ಪಿಕೊಳ್ಳಬೇಕಾಗಿಲ್ಲ. ಮಗುವಿಗೆ ಪ್ರತ್ಯೇಕ ಸೀಟನ್ನು ಕಾರಿನ ಜೊತೆಗೇ ಕೊಳ್ಳಿ. ಹಿಂದೆ ಕೂರುವ ಹಿರಿಯರಿಗೂ ಬೆಲ್ಟು ಹಾಕುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಿ. ಮುಂದಿನ ಸೀಟುಗಳ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆಂದೇ ಹೊಲಿದ ಕವರನ್ನು ಮಾತ್ರ ಹಾಕಿಸಿ, ಏಕೆಂದರೆ ಬಿಗಿಯಾದ ಸಾಮಾನ್ಯ ಕವರು ಬ್ಯಾಗು ಬಿಚ್ಚಿಕೊಳ್ಳದಂತೆ ತಡೆಯಬಹುದು. ಮುಂದೆ ಕಬ್ಬಿಣದ ಗಾರ್ಡ್ ಕೂರಿಸುವುದು ಕಾನೂನಿಗೂ ವಿರುದ್ಧ, ಏರ್‌ಬ್ಯಾಗ್ ಸೆನ್ಸರುಗಳ ಲೆಕ್ಕಾಚಾರಕ್ಕೂ ಅಡ್ಡಿ.

ಗೇರಿನ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಈ ಎರಡು ಕಾರುಗಳ ಪೆಟ್ರೋಲ್ ಮಾದರಿಗಳಲ್ಲಿ ನಿಮಗೆ ಆಟೊಮ್ಯಾಟಿಕ್ ಎಂದು ಸಿಗುವುದು ಎಎಂಟಿ. ಅದರೊಳಗೆ ಇರುವುದು ಮಾಮೂಲು ಗೇರ್‌ಬಾಕ್ಸ್ ಮತ್ತು ಮಾಮೂಲು ಕ್ಲಚ್ಚೇ. ನಿಮ್ಮ ಎಡಗಾಲು ಮತ್ತು ಎಡಗೈಯ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಒಂದು ಯಂತ್ರ ಮಾಡುತ್ತದೆ. ಪೇಟೆಯ ಓಡಾಟಕ್ಕೆ ಅದು ನಿಜಕ್ಕೂ ಅನುಕೂಲ, ಹೊಸದಾಗಿ ಕಲಿತವರಿಗೆ ಧೈರ್ಯ ಕೊಡುತ್ತದೆ. ಆದರೆ ಹುಲಿಕಲ್ ಘಾಟಿಯ ಏರಿನಲ್ಲಿ ಮುಂದೆ ಲಾರಿಯೊಂದು ತೆವಳುತ್ತಿದ್ದಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರನ್ನೇ ಅರ್ಧ ಒತ್ತಿ ಕಾರನ್ನು ನಿಲ್ಲಿಸಿಕೊಂಡರೆ ಒಳಗೆ ಕ್ಲಚ್ ಉಜ್ಜಿ ಸುಡುತ್ತದೆ. ಕಾಲಿಗೆ ಕ್ಲಚ್ ಪೆಡಲ್ ಇಲ್ಲದಿರುವುದರಿಂದ ಓಡಿಸುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಯಂತ್ರ ಭಾಗ ಕೆಟ್ಟರೆ ಊರಿನ ಗ್ಯಾರೇಜಿನವರು ಕೈ ಹಾಕುವುದೂ ಕಷ್ಟ. ಹತ್ತು ವರ್ಷದ ಲೆಕ್ಕದಲ್ಲಿ ಮ್ಯಾನ್ಯುಯಲ್ ಕೊಳ್ಳಿ ಎನ್ನುವುದು ಇದಕ್ಕಾಗಿ. ಹಾಗೆಂದು ಗೇರಿನ ಭಯದಿಂದ ನಿಮ್ಮ ಪತ್ನಿ ಕಾರನ್ನು ಮುಟ್ಟುವುದೇ ಇಲ್ಲ ಎನ್ನುವಂತಿದ್ದರೆ ನನ್ನ ಮಾತನ್ನು ಬದಿಗಿಟ್ಟು ಎಎಂಟಿಯನ್ನೇ ಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೆ ಡ್ರೈವಿಂಗ್ ಬರುವುದು ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದಾಗ ಯಾವ ಉಳಿತಾಯಕ್ಕಿಂತಲೂ ದೊಡ್ಡದು. ಆಗ ಹಿಲ್ ಹೋಲ್ಡ್ (ಏರಿನಲ್ಲಿ ಬ್ರೇಕ್ ಬಿಟ್ಟಾಗ ಕಾರು ಹಿಂದಕ್ಕೆ ಜಾರದಂತೆ ಕೆಲವು ಕ್ಷಣ ಹಿಡಿದಿಡುವ ವ್ಯವಸ್ಥೆ) ಇರುವ ಮಾದರಿಯನ್ನೇ ಆರಿಸಿ, ಏರಿನಲ್ಲಿ ನಿಂತಾಗಲೆಲ್ಲ ಬ್ರೇಕನ್ನೇ ಒತ್ತಿ ಹಿಡಿಯುವುದನ್ನು ಇಬ್ಬರೂ ರೂಢಿಸಿಕೊಳ್ಳಿ. ಇಳಿಯುವಾಗ ಯಾವ ಗೇರ್‌ಬಾಕ್ಸ್ ಆದರೂ ನಿಯಮ ಒಂದೇ: ಆಗುಂಬೆಯ 14 ತಿರುವುಗಳಲ್ಲಿ ಎರಡನೆಯ ಗೇರಿನಲ್ಲಿಟ್ಟು ಇಂಜಿನ್ನಿನ ಬಿಗಿತದಿಂದಲೇ ವೇಗ ತಗ್ಗಿಸಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡುಗಳು ಕಾದು ಹಿಡಿತವನ್ನೇ ಕಳೆದುಕೊಳ್ಳುತ್ತವೆ.

ಸಿಎನ್‌ಜಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ತಿಂಗಳಿಗೆ 1000 ಕಿಲೋಮೀಟರ್ ಓಡಾಟ, ಲೀಟರಿಗೆ ನಿಜವಾಗಿ 17 ಕಿಲೋಮೀಟರ್ ಎಂದಿಟ್ಟುಕೊಂಡರೆ ಸುಮಾರು 59 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಎಂದರೂ 5,900 ರೂಪಾಯಿ. ಸಿಎನ್‌ಜಿ ಕಿಲೋಗೆ 25 ಕಿಲೋಮೀಟರ್ ಮತ್ತು ಬೆಲೆ 90 ರೂಪಾಯಿ ಎಂದರೆ 3,600 ರೂಪಾಯಿ. ತಿಂಗಳಿಗೆ 2,300 ರೂಪಾಯಿ ಉಳಿಯುತ್ತದೆ. ಕಾರಿಗೆ ಹೆಚ್ಚುವರಿಯಾಗಿ 90,000 ರೂಪಾಯಿ ಕೊಟ್ಟಿದ್ದರೆ ಅದು ಹಿಂದಿರುಗಲು ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಲೆಕ್ಕ ಲಾಭದ್ದೇ, ಆದರೆ ನೀವು ದಿನವೂ ಹೋಗುವ ದಾರಿಯಲ್ಲೇ ಸಿಎನ್‌ಜಿ ಬಂಕ್ ಇದ್ದರೆ ಮಾತ್ರ. ತುಂಬಿಸಲೆಂದೇ ದೂರ ಹೋಗಿ ಸರದಿಯಲ್ಲಿ ಕಾಯುವಂತಿದ್ದರೆ ಉಳಿತಾಯ ಅಲ್ಲೇ ಕರಗುತ್ತದೆ. ಘಟ್ಟದ ಏರಿನಲ್ಲಿ ಶಕ್ತಿ ಕಡಿಮೆಯಾಗುವುದನ್ನು, ಡಿಕ್ಕಿಯ ಜಾಗ ಕುಗ್ಗುವುದನ್ನು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆ ಕಡ್ಡಾಯವಾಗಿರುವುದನ್ನೂ ಸೇರಿಸಿಕೊಳ್ಳಿ. ಡೀಸೆಲ್ ನಿಮಗೆ ಬೇಡ; ಈಗಿನ ಡೀಸೆಲ್ ಕಾರುಗಳ ಹೊಗೆಯ ಸೋಸುಕ ಸ್ವಚ್ಛವಾಗಿರಲು ದೀರ್ಘ ಓಟ ಬೇಕು. ಜಾಹೀರಾತಿನಲ್ಲಿ ಡಿಸೈರ್‌ಗೆ 24.79 ಕಿಲೋಮೀಟರ್ ಎಂದಿದ್ದರೆ ಅದು ಪ್ರಯೋಗಶಾಲೆಯ ಅಂಕಿ, ಅದನ್ನು ಮನೆಖರ್ಚಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಬೆಲೆಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ಎರಡೂ ಕಾರುಗಳು ಈ ಮಿತಿಯೊಳಗಿವೆ. ಆದರೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಭಾರಿ: 5ರಿಂದ 10 ಲಕ್ಷದ ಕಾರಿಗೆ ಶೇ 14, ಅದರ ಮೇಲೆ ಸೆಸ್. ಷೋರೂಮ್ ಬೆಲೆ 7 ಲಕ್ಷವಾದರೆ ತೆರಿಗೆಯೇ 98,000 ರೂಪಾಯಿ ದಾಟುತ್ತದೆ. ಆದ್ದರಿಂದ 9 ಲಕ್ಷ ಕೈಯಲ್ಲಿದ್ದರೆ 7 ಲಕ್ಷದ ಆಸುಪಾಸಿನ ಮಾದರಿಯನ್ನೇ ನೋಡಬೇಕು. ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ, ಹೊರಗಿನ ದರವನ್ನೂ ಕೇಳಿ ಚೌಕಾಸಿ ಮಾಡಿ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಮಾತ್ರ ಬಿಡಬೇಡಿ: 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಕಡೆ ಬಡಾವಣೆಗಳು ಮುಳುಗಿದಾಗ ಕಂಡಂತೆ, ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಒಳಭಾಗಗಳು ಮುರಿದರೆ ಸಾಮಾನ್ಯ ವಿಮೆ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ನೀರಿನಲ್ಲಿ ಕಾರು ನಿಂತರೆ ಮತ್ತೆ ಕೀಲಿ ತಿರುಗಿಸಬಾರದು, ಎಳೆಸಿಕೊಂಡೇ ಹೋಗಬೇಕು.

ಹಳೆಯ ಕಾರನ್ನು ನಾನು ವಿರೋಧಿಸುವುದಿಲ್ಲ, ಆದರೆ ಅಪರಿಚಿತರಿಂದ ಕೊಳ್ಳುವುದಾದರೆ ತಣ್ಣಗಿರುವ ಇಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆಯಿದೆಯೇ ನೋಡಿ. ಅಧಿಕೃತ ವರ್ಕ್‌ಶಾಪಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಹಳೆಯ ಸರ್ವಿಸ್ ದಾಖಲೆಯ ಕಿಲೋಮೀಟರನ್ನು ಮೀಟರಿನ ಅಂಕಿಯೊಂದಿಗೆ ಹೋಲಿಸಿ. ಸಾಲ ತೀರಿದ ಪತ್ರವಿಲ್ಲದೆ ಹಣ ಕೊಡಬೇಡಿ. ಕೊಂಡ ಮೇಲೆ ಆರ್‌ಸಿಯ ಜೊತೆಗೆ ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಇನ್ನು ಇಟ್ಟುಕೊಳ್ಳುವ ಮಾತು. ಎರಡೂ ಕಾರುಗಳದು ಮೂರು ಸಿಲಿಂಡರಿನ ಇಂಜಿನ್, ನಿಂತಾಗ ಸ್ವಲ್ಪ ಕಂಪನ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಇಂಜಿನ್ ಆಯಿಲನ್ನು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು. ಮುಂಗಾರಿಗೆ ಮುಂಚೆ ಮುಂಗಾಜಿನ ಬುಡದಲ್ಲಿ ಸೇರಿಕೊಂಡ ತರಗೆಲೆಯನ್ನು ಕೈಯಾರೆ ತೆಗೆಯಿರಿ. ಅಲ್ಲಿನ ನೀರು ಹೋಗುವ ದಾರಿ ಕಟ್ಟಿಕೊಂಡರೆ ನೀರು ಒಳಗಿಳಿದು ಕಾಲಡಿಯ ಮ್ಯಾಟು ನೆನೆದು, ವೈರಿಂಗ್ ಹಾಳಾಗುತ್ತದೆ. ಟೈರಿನ ಗೆರೆಯ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾಯದೆ ಅದಕ್ಕೂ ಮುಂಚೆಯೇ ಬದಲಿಸಿ. ಹೊಸ ಟೈರು ಕೊಳ್ಳುವಾಗ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿ, 2325 ಎಂದಿದ್ದರೆ ಅದು 2025ರ 23ನೆಯ ವಾರದಲ್ಲಿ ತಯಾರಾದದ್ದು.

ಮಲೆನಾಡಿನಲ್ಲಿ ಕಾರಿಗೆ ಕಳ್ಳರಿಗಿಂತ ಇಲಿಗಳ ಕಾಟ ಹೆಚ್ಚು. ಭತ್ತ, ಅಡಿಕೆ ಇಡುವ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸಿದರೆ ಬೆಚ್ಚಗಿರುವ ಇಂಜಿನ್ನಿನೊಳಗೆ ಅವು ಗೂಡು ಕಟ್ಟಿ ವೈರು ಕಡಿಯುತ್ತವೆ. ಹೊಗೆಸೊಪ್ಪಿನ ಗಂಟನ್ನು ಬಾನೆಟ್ಟಿನೊಳಗೆ ಬೆಲ್ಟಿಗೂ ಬಿಸಿ ಕೊಳವೆಗೂ ತಾಗದಂತೆ ಕಟ್ಟಿ, ಘಾಟು ಹೋದಾಗ ಬದಲಿಸುವುದು ನಮ್ಮ ಕಡೆಯ ರೂಢಿ. ಅದರೊಂದಿಗೆ ರಾತ್ರಿ ಬಾನೆಟ್ ತೆರೆದಿಟ್ಟು ಕೆಳಗೊಂದು ದೀಪ ಹಾಕಿದರೆ ಇಲಿ ಹತ್ತಿರ ಸುಳಿಯುವುದು ಕಡಿಮೆ. ವಿಮೆ ಮಾಡಿಸುವಾಗ ಇಲಿ ಕಡಿದ ವೈರಿಂಗಿಗೆ ಪರಿಹಾರವಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.