ಪೆರಿಯದ ಹಾಸ್ಟೆಲಿಗೆ ಹೋಗುವಾಗ ಏನೆಲ್ಲ ತಗೊಂಡು ಹೋಗ್ಬೇಕು?

ಬದಿಯಡ್ಕದಿಂದ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋಗೋದಾದ್ರೆ, ಎರಡೂ ಕಾಸರಗೋಡು ಜಿಲ್ಲೆಯಲ್ಲೇ ಇರೋದು, ರಜೆ ಸಿಕ್ಕಿದಾಗ ಬಸ್ಸು ಹತ್ತಿದ್ರೆ ಮನೆ ಮುಟ್ಬಹುದು, ಹಾಗಾಗಿ ಇಡೀ ವರ್ಷದ್ದು ಒಂದೇ ಸಲ ಹೊತ್ಕೊಂಡು ಹೋಗ್ಬೇಡಿ.

ಮೊದಲು ಯೋಚನೆ ಮಾಡ್ಬೇಕಾದ್ದು ಮಳೆದು. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಬಟ್ಟೆ ಒಣಗಿಸೋದೇ ದೊಡ್ಡ ಕೆಲಸ, ರೂಮಲ್ಲೇ ಹಗ್ಗ ಕಟ್ಟಿ ಫ್ಯಾನಿನ ಅಡಿಗೆ ಹಾಕ್ಬೇಕಾಗ್ತದೆ, ಅದಕ್ಕೆ ನೈಲಾನ್ ಹಗ್ಗ ಮತ್ತೆ ಕ್ಲಿಪ್ ಖಂಡಿತ ಇರ್ಲಿ. ದಪ್ಪ ಟರ್ಕಿ ಟವೆಲ್ ಬೇಡವೇ ಬೇಡ, ಎರಡೇ ದಿನಕ್ಕೆ ಮುಗ್ಗುಲು ವಾಸನೆ ಬರ್ತದೆ. ತೆಳು ಬೈರಾಸು (ಹತ್ತಿಯ ಮೈ ಒರೆಸುವ ಬಟ್ಟೆ) ಎರಡು ಸಾಕು, ರಾತ್ರಿ ಚೆನ್ನಾಗಿ ಹಿಂಡಿ ಹಾಕಿದ್ರೆ ಬೆಳಿಗ್ಗೆಗೆ ಒಣಗಿರ್ತದೆ. ಜೀನ್ಸ್ ಕಮ್ಮಿ ಮಾಡಿ, ಒಳಉಡುಪು ಜಾಸ್ತಿ ಇಟ್ಕೊಳ್ಳಿ.

ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್, ಪ್ಲಸ್ ಟು ಮಾರ್ಕ್ ಲಿಸ್ಟ್, ಟಿಸಿ ಇದೆಲ್ಲ ನೀರು ಹೋಗದ ಪ್ಲಾಸ್ಟಿಕ್ ಫೈಲಲ್ಲಿ ಹಾಕಿ ಕೈಯಲ್ಲೇ ಹಿಡ್ಕೊಳ್ಳಿ, ಬಟ್ಟೆ ಬ್ಯಾಗಿಗೆ ತುರುಕ್ಬೇಡಿ, ಜೆರಾಕ್ಸೂ ಫೋಟೋವೂ ಒಟ್ಟಿಗೇ ಇರ್ಲಿ.

ಬಕೆಟ್, ಮಗ್, ದಿಂಬು ಎಲ್ಲ ಅಲ್ಲೇ ಹತ್ತಿರದ ಕಾಞಂಗಾಡು ಪೇಟೆಯಲ್ಲಿ ಸಿಗ್ತದೆ. ಬೀಗ ಮಾತ್ರ ಮನೆಯಿಂದಲೇ ಒಯ್ಯಿರಿ, ಮೊದಲ ದಿನವೇ ಬೇಕಾಗ್ತದೆ. ಮತ್ತೆ ಮಿಡಿ ಉಪ್ಪಿನಕಾಯಿ ಒಂದು ಸಣ್ಣ ಡಬ್ಬ, ಮುಚ್ಚಳದ ಅಡಿಗೆ ಪ್ಲಾಸ್ಟಿಕ್ ಇಟ್ಟು ಗಟ್ಟಿ ಮುಚ್ಚಿ, ರೂಮ್‌ಮೇಟ್ ಕೇಳಿದ್ರೆ ಕೊಡಿ.