ಸಹಿ ಅವರದು, ಬೈಗುಳ ಇವರಿಗೆ

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಮೊದಲ ದಿನ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಶೋಭಾ ಅನ್ನೋಣ, ಅದು ನಿಜವಾದ ಹೆಸರಲ್ಲ. ಗುರುತು ಸಿಗಬಾರದೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ದಾವಣಗೆರೆಯ ಒಂದು ಕಂಪನಿಯಲ್ಲಿ ಟೆಂಡರ್ ವಿಭಾಗ ನೋಡಿಕೊಳ್ಳುತ್ತಾರೆ. ಕುಡಿಯುವ ನೀರು, ಸೋಲಾರ್ ದೀಪದಂಥ ಕೆಲಸ ಹಿಡಿಯುವ ಕಂಪನಿ.

"ವಿಭಾಗ ಅಂದ್ರೆ ನಾನೊಬ್ಬಳೇ ಮೇಡಂ" ಎಂದು ನಕ್ಕರು. ನಗುವಾಗಲೂ ದವಡೆ ಬಿಗಿದೇ ಇತ್ತು.

ಮೂರು ತಿಂಗಳಿಂದ ನಿದ್ದೆ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಸರ್ಕಾರದ ಖರೀದಿ ಪೋರ್ಟಲ್ ತೆರೆದು ನೋಡುತ್ತಾರೆ. ಹಲ್ಲು ಕಡಿಯುತ್ತಾರಂತೆ, ಗಂಡ ಹೇಳಿದ್ದು. ಮಧ್ಯಾಹ್ನದ ಊಟ ಎಷ್ಟೋ ದಿನ ಮೇಜಿನ ಮೇಲಿನ ಮಂಡಕ್ಕಿ ಪೊಟ್ಟಣದಲ್ಲೇ ಮುಗಿಯುತ್ತದೆ.

ಇದೆಲ್ಲ ಶುರುವಾದದ್ದು ಒಂದು ಸಂಜೆ. ಟೆಂಡರ್ ನಾಲ್ಕು ಗಂಟೆಗೆ ಕ್ಲೋಸ್. ಎಂಜಿನಿಯರ್ ದರ ಕೊಟ್ಟದ್ದು ಎರಡೂವರೆಗೆ. ಸಾವ್ಕಾರ್ರು, ಅಂದರೆ ಕಂಪನಿಯ ಮಾಲೀಕರು, ಮೂರೂಕಾಲಿಗೆ ಫೋನ್ ಮಾಡಿ "ಇನ್ನೊಂದು ಪರ್ಸೆಂಟ್ ಇಳಿಸು" ಅಂದರು. ಇಳಿಸಿ, ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ಕಂಪ್ಯೂಟರಿಗೆ ಚುಚ್ಚಿದರೆ ಸಹಿಯ ಅವಧಿ ಮುಗಿದಿದೆ ಎಂದು ಬಂತು. ಹಿಂದಿನ ದಿನವೇ ಮುಗಿದಿತ್ತು. ನಾಲ್ಕಕ್ಕೆ ಪೋರ್ಟಲ್ ತಾನೇ ಮುಚ್ಚಿಕೊಂಡಿತು. ಆಫೀಸಿನವರೆಲ್ಲರ ಎದುರು ಸಾವ್ಕಾರ್ರು "ನಿನ್ನಿಂದ ಕೆಲಸ ಹೋಯ್ತು" ಅಂದರು. ಅಂದಿನಿಂದ ಯಾವ ಟೆಂಡರ್ ಕೈತಪ್ಪಿದರೂ ಇವರಿಗೆ ಅದೇ ಮಾತು ಕೇಳುತ್ತದೆ.

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಮುಂದಿನ ವಾರ ಬಂದವರು "ಉಸಿರು ಎಷ್ಟು ಎಳೆದ್ರೂ ಕ್ಲೋಸಿಂಗ್ ಟೈಮ್ ಮುಂದೆ ಹೋಗಲ್ಲ ಮೇಡಂ" ಅಂದರು. ಸರಿಯಾದ ಮಾತು. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಗೆ ಚೀಟಿ ಬರೆದುಕೊಟ್ಟು, ಹೋದ ವರ್ಷ ಹಾಕಿದ ಟೆಂಡರುಗಳ ಪಟ್ಟಿ ತರಲು ಹೇಳಿದೆ.

ಒಟ್ಟು 23. ಸಿಕ್ಕಿದ್ದು 4. ಉಳಿದ 19 ಯಾಕೆ ಹೋದವು ಎಂದು ಅವರ ಕೈಯಲ್ಲೇ ಬರೆಸಿದೆ. 11 ದರದಲ್ಲಿ ಹೋಗಿದ್ದವು, ಬೇರೆಯವರು ಎಲ್ ಒನ್, ಅಂದರೆ ಎಲ್ಲರಿಗಿಂತ ಕಡಿಮೆ ದರದವರು. 5 ತಾಂತ್ರಿಕ ಕವರಿನಲ್ಲೇ, ಅಂದರೆ ದರ ತೆರೆಯುವ ಮೊದಲು ಅರ್ಹತೆಯ ಕಾಗದ ನೋಡುವ ಹಂತದಲ್ಲೇ, ಬಿದ್ದಿದ್ದವು. ಕೇಳಿದಷ್ಟು ವಹಿವಾಟು ಅಥವಾ ಅದೇ ಬಗೆಯ ಕೆಲಸ ಮಾಡಿದ ಸರ್ಟಿಫಿಕೇಟ್ ಕಂಪನಿಯ ಹತ್ತಿರ ಇರಲೇ ಇಲ್ಲ. ಕಾಗದದ ತಪ್ಪು 2, ಟೋಕನ್ 1. ಬರೆದು ಮುಗಿಸಿ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು.

ಆ ಟೋಕನ್ ಬಗ್ಗೆಯೂ ಕೇಳಿದೆ. ಸಹಿ ಯಾರ ಹೆಸರಿನಲ್ಲಿದೆ? ಸಾವ್ಕಾರ್ರ ಹೆಸರಿನಲ್ಲಿ. ನವೀಕರಣದ ನೆನಪೋಲೆ ಹೋಗುವುದು ಅವರ ಇಮೇಲಿಗೆ. ಅದನ್ನು ಯಾರೂ ತೆರೆಯುವುದಿಲ್ಲ. ನವೀಕರಿಸಲು ವಿಡಿಯೋದಲ್ಲಿ ಮುಖ ತೋರಿಸಬೇಕಾದವರೂ ಅವರೇ. "ಇದನ್ನ ನಾನು ಯೋಚ್ನೆನೇ ಮಾಡಿರ್ಲಿಲ್ಲ" ಅಂದರು ಶೋಭಾ. ತಾರೀಖು ನೋಡಿಕೊಳ್ಳದ್ದು ಅವರ ತಪ್ಪೂ ಹೌದು. ಅಷ್ಟೇ, ಪೂರ್ತಿ ಅವರದಲ್ಲ.

ಇನ್ನೊಂದು ನೋವಿತ್ತು. ಅವರಿಗೆ ವಿನ್ಯಾಸದ ಕಣ್ಣಿದೆ. ಫೋಟೋ, ನಕ್ಷೆ, ಬಣ್ಣದ ಕೋಷ್ಟಕ ಹಾಕಿ ನಲವತ್ತು ಪುಟದ ಪ್ರಸ್ತಾವನೆ ಮಾಡಿದರೂ ಯಾರೂ ನೋಡುವುದಿಲ್ಲ. ರಾಜ್ಯ ಸರ್ಕಾರದ ಕಾಮಗಾರಿ ನಡೆಯುವುದು ಸರ್ಕಾರಿ ಖರೀದಿಗೆಂದೇ ಇರುವ 1999ರ ಪಾರದರ್ಶಕತೆ ಕಾಯ್ದೆಯಡಿ. ಅರ್ಹತೆ ಇದ್ದವರಲ್ಲಿ ಕಡಿಮೆ ದರದವರಿಗೆ ಕೆಲಸ. ಮುಖಪುಟದ ಚಂದಕ್ಕೆ ಅಲ್ಲಿ ಅಂಕ ಇಲ್ಲ. ಆ ಶ್ರಮವನ್ನು ಖಾಸಗಿ ಕಾರ್ಖಾನೆ, ಕಾಲೇಜುಗಳಿಗೆ ಕೊಡುವ ಪ್ರಸ್ತಾವನೆಗೆ ಇಟ್ಟುಕೊಳ್ಳಿ ಅಂದೆ. ಗುಣಮಟ್ಟಕ್ಕೂ ಅಂಕ ಇರುವ ಸಲಹಾ ಟೆಂಡರುಗಳಿಗೂ ಅದು ಬೇಕು. ಉಳಿದಕ್ಕೆ ಕೇಳಿದ ಕಾಗದ, ಕೇಳಿದ ಕ್ರಮದಲ್ಲಿ, ಪುಟ ಸಂಖ್ಯೆ ಹಾಕಿ ಕೊಟ್ಟರೆ ಸಾಕು.

ಕಷ್ಟವಾದದ್ದು ಸಾವ್ಕಾರ್ರ ಎದುರು ಮಾತಾಡುವುದು. ಟೆಂಡರ್ ಬಂದ ದಿನವೇ ಅರ್ಹತೆಯ ಪುಟ ಓದಿ, ಸಂಜೆಯೊಳಗೆ ಒಂದು ಮಾತು ಬರೆದು ಕಳಿಸಬೇಕು: "ಸರ್, ಇದಕ್ಕೆ ನಮ್ಮ ಹತ್ರ ಸರ್ಟಿಫಿಕೇಟ್ ಇಲ್ಲ. ಹಾಕಬೇಕಾ, ನೀವೇ ಹೇಳಿ." ನಾನು ಸಾವ್ಕಾರ್ರಾಗಿ ಕೂತೆ, ಅವರು ಹೇಳಿದರು. ಮೊದಲ ಸಲ ದನಿಯೇ ಹೊರಡಲಿಲ್ಲ. ಆರನೇ ಸಲಕ್ಕೆ ನನ್ನನ್ನೇ ಗದರಿಸುವ ಹಾಗೆ ಹೇಳಿದರು, ಇಬ್ಬರೂ ನಕ್ಕೆವು.

ಉಳಿದ ಸಲಹೆ ಸಣ್ಣವು. ತಾಂತ್ರಿಕ ಕವರ್ ಎರಡು ದಿನ ಮೊದಲೇ ಮುಗಿಯಬೇಕು. ಕೊನೆಯ ದಿನಕ್ಕೆ ದರ ಮಾತ್ರ, ಅದೂ ಸಾವ್ಕಾರ್ರು ಪಕ್ಕದಲ್ಲಿ ಕೂತು ಹೇಳಿದ್ದು. ಟೋಕನ್ ಮುಗಿಯುವ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಮಲಗುವಾಗ ಮೊಬೈಲ್ ಅಡುಗೆಮನೆಯಲ್ಲಿ. ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳದೆ, ಎದ್ದು ಕೂತು, ನಿದ್ದೆ ಬಂದಾಗ ಮತ್ತೆ ಮಲಗುವುದು.

ರಕ್ತ ಸ್ವಲ್ಪ ಕಡಿಮೆ ಇತ್ತು, ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಹೋದ ವಾರ ಬಂದಿದ್ದರು. ಮತ್ತೊಂದು ಟೆಂಡರ್ ಹೋಗಿದೆ. "ಎಲ್ ಟೂ ಮೇಡಂ, ಸ್ವಲ್ಪದ್ರಲ್ಲಿ ತಪ್ತು" ಅಂದರು. ಆಮೇಲೆ ಏನು ಮಾಡಿದ್ರಿ ಎಂದು ಕೇಳಿದೆ. ಎಂಜಿನಿಯರನ್ನೂ ಕರೆದುಕೊಂಡು ಹೋಗಿ ಬೆಣ್ಣೆದೋಸೆ ತಿಂದರಂತೆ. ಹಲ್ಲು ಕಡಿಯುವುದು ಇನ್ನೂ ಪೂರ್ತಿ ನಿಂತಿಲ್ಲ. ಇನ್ನೆರಡು ಸಲ ಬರಲು ಹೇಳಿದ್ದೇನೆ.