ಮುರಕಲ್ಲಿನ ಅಂಗಳದಲ್ಲಿ ರೇಡಿಯಲ್ ತಂತಿಗಳು

ನಮಸ್ಕಾರ. ಬದಿಯಡ್ಕದ ನಿಮ್ಮ ಅಂಗಳದಲ್ಲಿ ಹವ್ಯಾಸಿ ರೇಡಿಯೋದ 40 ಮೀಟರ್ ಬ್ಯಾಂಡಿನ (ಸುಮಾರು 40 ಮೀಟರ್ ತರಂಗಾಂತರದ) ವರ್ಟಿಕಲ್ ಆಂಟೆನಾಕ್ಕೆ, ಅಂದರೆ ನೆಟ್ಟಗೆ ನಿಲ್ಲಿಸಿದ ಆಂಟೆನಾಕ್ಕೆ, ಅದರ ಬುಡದಿಂದ ಸುತ್ತಲೂ ನೆಲದಲ್ಲಿ ಹರಡುವ ತಲಾ 10 ಮೀಟರಿನ 16 ರೇಡಿಯಲ್ ತಂತಿಗಳನ್ನು ಹಾಕಲೇಬೇಕೇ, ಒಂದು ಅರ್ತಿಂಗ್ ಸರಳು ಸಾಲದೇ ಎಂದು ಕೇಳಿದ್ದೀರಿ.

ಸರಳು ಸಾಲದು. ತುಲಾ ತಿಂಗಳ ಸಿಡಿಲನ್ನು ಬಲ್ಲ ನಮ್ಮೂರಿನಲ್ಲಿ ರಕ್ಷಣೆಗಾಗಿ ಅದು ಬೇಕೇ ಬೇಕು. ಆದರೆ ನೆಲದ ಮೂಲಕ ಆಂಟೆನಾದ ಬುಡಕ್ಕೆ ಮರಳುವ ರೇಡಿಯೋ ವಿದ್ಯುತ್ತಿಗೆ, ಅದರಲ್ಲಿಯೂ ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ಮೇಲೆ, ಸುಲಭದ ದಾರಿಯನ್ನು ಒದಗಿಸುವುದು ರೇಡಿಯಲ್‌ಗಳು ಮಾತ್ರ. ನೆಲಕ್ಕೆ ತಾಗಿಕೊಂಡಿರುವ ತಂತಿಯ ಉದ್ದವನ್ನು ಅಳೆದು ಟ್ಯೂನ್ ಮಾಡುವ ಅಗತ್ಯವಿಲ್ಲ. ಆದ್ದರಿಂದ ನಿಮ್ಮಲ್ಲಿರುವ ಆ 160 ಮೀಟರ್ ತಂತಿಯನ್ನು 5 ಮೀಟರಿನ 32 ತುಂಡುಗಳಾಗಿ ಹರಡುವುದೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ನಷ್ಟ ಹೆಚ್ಚಾಗುವುದು ಬುಡದ ಸಮೀಪದಲ್ಲಿ. ತಂತಿಯನ್ನು ಆಳವಾಗಿ ಹೂಳಬೇಡಿ; ಪಿಕ್ಕಾಸಿನಿಂದ ಎರಡು ಮೂರು ಸೆಂಟಿಮೀಟರ್ ಗೀರಿದರೆ ಸಾಕು. ತೋಟದ ಕಡೆಗೆ ಅಡಿಕೆ ಮರಗಳನ್ನು ತಪ್ಪಿಸಲು ತಂತಿಯನ್ನು ಸ್ವಲ್ಪ ಬಾಗಿಸಿದರೂ ತೊಂದರೆಯಿಲ್ಲ.

ಒಂದು ಮಾತನ್ನು ವಿಶೇಷವಾಗಿ ಗಮನಿಸಿ. ಕಾಲು ತರಂಗಾಂತರದಷ್ಟು ಎತ್ತರದ ವರ್ಟಿಕಲ್‌ನ ಆದರ್ಶ ಪ್ರತಿರೋಧ ಸುಮಾರು 36 ಓಮ್. ಮೀಟರು 50 ಓಮ್ ಕೇಬಲ್ಲಿನಲ್ಲಿ 1:1 ಎಸ್‌ಡಬ್ಲ್ಯುಆರ್ (ಕೇಬಲ್ಲಿಗೂ ಆಂಟೆನಾಕ್ಕೂ ಇರುವ ಹೊಂದಾಣಿಕೆಯ ಅಳತೆ; 1:1 ಎಂದರೆ ಪೂರ್ಣ ಹೊಂದಾಣಿಕೆ) ತೋರಿಸಿದರೆ, ಉಳಿದ 14 ಓಮ್ ನೆಲದ ನಷ್ಟವಾಗಿರುವ ಸಾಧ್ಯತೆಯೇ ಹೆಚ್ಚು. ತಂತಿಗಳನ್ನು ಕೂಡಿಸಿದಂತೆ ಎಸ್‌ಡಬ್ಲ್ಯುಆರ್ 1.4ರ ಕಡೆಗೆ ಏರಿದರೆ ಗಾಬರಿಯಾಗಬೇಡಿ, ನೆಲದ ನಷ್ಟ ಇಳಿಯುತ್ತಿದೆ, ಕೆಲಸ ಸರಿಯಾಗಿಯೇ ನಡೆಯುತ್ತಿದೆ. ಬುಡದಲ್ಲಿ ತಂತಿಗಳು ಕೂಡುವಲ್ಲಿ ಸ್ಟೇನ್‌ಲೆಸ್ ಬೋಲ್ಟುಗಳನ್ನೇ ಬಳಸಿ, ಮಳೆಗಾಲಕ್ಕೆ ಮುಂಚೆ ಅವುಗಳನ್ನು ಬಿಗಿಮಾಡಿ ಗ್ರೀಸ್ ಹಚ್ಚಿರಿ.